ಒಳ್ಳೆಯ ಸುದ್ದಿಯ ನಿರೀಕ್ಷೆಯಲ್ಲಿ

ಬೆಳಗಿನ ಕವಾಯತಿನಲ್ಲಿ ಎರಡೂ ಕೈ ಮೇಲೆತ್ತಿ ನಿಂತಾಗಲೇ ಯಾನೊನಿಗೆ ಇವತ್ತು ತಾನು ಸೋಲುತ್ತೇನೆ ಎಂಬುದು ಗೊತ್ತಾಗಿಬಿಟ್ಟಿತು. ಧ್ವನಿವರ್ಧಕದಲ್ಲಿ ಪಿಯಾನೋ ಕುಟ್ಟುತ್ತಿತ್ತು. ಟವೆಲ್ ಕಾರ್ಖಾನೆಯ ಅಂಗಳದಲ್ಲಿ ಮಗ್ಗದವರು, ಬಣ್ಣದವರು, ಹೊಲಿಗೆಯ ಹೆಂಗಸರು, ಆಫೀಸಿನವರು ಎಲ್ಲರೂ ಒಟ್ಟಿಗೆ ಸೊಂಟ ಬಗ್ಗಿಸುತ್ತಿದ್ದರು. ಅವನ ಎದುರಿಗೇ ವಿಭಾಗದ ಮುಖ್ಯಸ್ಥ ಹಯಾಸೆಯ ಬೆನ್ನು, ಅಂಗಿ ಮೇಲಕ್ಕೆ ಸರಿದು ಒಳಬನಿಯನ್ನಿನ ಅಂಚು ಕಾಣುವಷ್ಟು ಹುರುಪಿನಿಂದ ಬಗ್ಗುತ್ತ ಏಳುತ್ತ ಇತ್ತು. ಇಂಥ ಬೆನ್ನಿನವನ ಜೊತೆ ಒಂದು ಇಂಗ್ಲಿಷ್ ವಾಕ್ಯದ ಬಗ್ಗೆ ವಾದ ಮಾಡಿ ಗೆಲ್ಲುವುದುಂಟೆ? ಡೆನ್ಮಾರ್ಕಿನ ಬ್ರೂನ್ ಸತ್ತಿದ್ದ. ವರ್ಷಾನುಗಟ್ಟಲೆ ಈ ಕಾರ್ಖಾನೆಯ ಅರ್ಧದಷ್ಟು ಸ್ನಾನದ ಟವೆಲ್ಲುಗಳನ್ನು ಕೊಂಡುಕೊಂಡವನು. ಅವನ ಹೆಂಡತಿಗೆ ಕಂಪನಿಯ ಪರವಾಗಿ ಒಂದು ಸಂತಾಪದ ಕಾಗದ ಹೋಗಬೇಕು, ಇವತ್ತಿನ ಟಪಾಲಿಗೇ ಹೋಗಬೇಕು, ಯಾನೊನೇ ಬರೆಯಬೇಕು. ಅದನ್ನು ಅವನು ಬರೆದೂ ಆಗಿತ್ತು, ಚೆನ್ನಾಗಿಯೇ ಬರೆದಿದ್ದ. ಆದರೆ ನಿನ್ನೆ ಸಂಜೆ ಹಯಾಸೆ ಆ ಕರಡಿನ ಕೊನೆಗೆ ಕೆಂಪು ಮಸಿಯಲ್ಲಿ ಒಂದು ಸಾಲು ಸೇರಿಸಿ ಮೇಜಿನ ಮೇಲೆ ಇಟ್ಟುಹೋಗಿದ್ದ. ಆ ಸಾಲನ್ನು ಹೇಗಾದರೂ ಮಾಡಿ ಕಿತ್ತುಹಾಕಬೇಕು, ಇವತ್ತಿಗೆ ತನಗೆ ಬೇರೇನೂ ಬೇಡ, ಎಂದುಕೊಳ್ಳುತ್ತ ಯಾನೊ ಎಲ್ಲರೂ ಎಡಕ್ಕೆ ವಾಲಿದಾಗ ಬಲಕ್ಕೆ ವಾಲಿ, ಪಕ್ಕದ ಹೊಲಿಗೆಯ ಹೆಂಗಸಿನ ಕೈಯಿಂದ ಕಿವಿಗೆ ಒಂದು ಏಟು ತಿಂದ.

ಆ ಸಾಲು ಯಾನೊನಿಗೆ ಹೊಸದಲ್ಲ, ಅದು ಅವನ ಹೊಟ್ಟೆಪಾಡು. ಲುಕ್ ಫಾರ್ವರ್ಡ್ ಟು. ಸಂತೋಷದಿಂದ ಎದುರುನೋಡುತ್ತಿದ್ದೇವೆ. ಈ ಊರಿನಿಂದ ಹೊರಗೆ ಹೋಗುವ ಯಾವ ಇಂಗ್ಲಿಷ್ ಕಾಗದವೂ ಈ ಮಾತಿಲ್ಲದೆ ಮುಗಿಯುವುದಿಲ್ಲ. ನಿಮ್ಮ ಆರ್ಡರನ್ನು ಎದುರುನೋಡುತ್ತಿದ್ದೇವೆ, ನಿಮ್ಮ ಭೇಟಿಯನ್ನು ಎದುರುನೋಡುತ್ತಿದ್ದೇವೆ, ನೀವು ತಿರಸ್ಕರಿಸಿದ ಮಾಲಿನ ಬಗ್ಗೆ ನಿಮ್ಮ ವಿವರಣೆಯನ್ನು ಕೂಡ ಸಂತೋಷದಿಂದಲೇ ಎದುರುನೋಡುತ್ತಿದ್ದೇವೆ. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಸಾಕಾದಿಂದ ಬಂದಿದ್ದ ಒಬ್ಬ ಬ್ಯಾಂಕಿನ ಮನುಷ್ಯ ಅವನ ಕಾಗದವನ್ನು ಎಲ್ಲರೆದುರು ಎತ್ತಿ ಹಿಡಿದು, ಈ ಮೂರು ಪದಗಳಾದ ಮೇಲೆ ಕ್ರಿಯಾಪದ ಬಂದರೆ ಅದಕ್ಕೊಂದು ಐಎನ್‌ಜಿ ಬಾಲ ಬೇಕು, ನಿಮ್ಮ ಕ್ರಿಯಾಪದ ಬೋಳಾಗಿ ನಿಂತಿದೆ ಎಂದು ಪೆನ್ಸಿಲಿನಿಂದ ಬಾಲ ಅಂಟಿಸಿ ನಕ್ಕಿದ್ದ. ಇಂಗ್ಲಿಷಿನ ಗಂಧವಿಲ್ಲದ ಹೊಲಿಗೆಯ ಹೆಂಗಸರೂ ನಕ್ಕಿದ್ದರು. ಅಂದಿನಿಂದ ಯಾನೊ ಒಂದೇ ಒಂದು ಸಲವೂ ಬಾಲ ಮರೆತಿಲ್ಲ. ಮನುಷ್ಯನಿಗೆ ಹೆಮ್ಮೆ ಪಡಲು ಏನಾದರೂ ಬೇಕಲ್ಲ. ಕೆಲವರಿಗೆ ಮಗ ಡಾಕ್ಟರಾಗಿರುತ್ತಾನೆ, ಕೆಲವರಿಗೆ ಕೂದಲು ಉದುರಿರುವುದಿಲ್ಲ. ಯಾನೊನಿಗೆ ಮಕ್ಕಳಿರಲಿಲ್ಲ, ಕೂದಲೂ ಅಷ್ಟಕ್ಕಷ್ಟೇ. ಅವನಿಗಿದ್ದದ್ದು ಈ ಬಾಲ. ರೈಲಿನಲ್ಲಿ ಬೇರೆ ಕಂಪನಿಗಳ ಜಾಹೀರಾತುಗಳಲ್ಲಿ ಬಾಲ ತಪ್ಪಿದ್ದನ್ನು ಕಂಡರೆ ಅವನಿಗೆ ದಿನವಿಡೀ ಒಂದು ಹಗುರವಾದ, ಕೆಟ್ಟ ಖುಷಿ.

ಆಫೀಸಿನೊಳಗೆ ಬಂದು ಕೋಟು ತೆಗೆಯುವ ಮೊದಲೇ ಅವನು ಕರಡನ್ನು ಎತ್ತಿಕೊಂಡು ಹಯಾಸೆಯ ಮೇಜಿನ ಮುಂದೆ ನಿಂತ. ನಿಂತು, ಏನು ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದನೋ ಅದರಲ್ಲಿ ಮೊದಲ ಪದವೇ ನೆನಪಾಗದೆ, ಮೂಗು ಸವರಿಕೊಂಡ.

"ಏನ್ರೀ ಯಾನೊ-ಸಾನ್, ನೆಗಡಿನಾ?" ಎಂದ ಹಯಾಸೆ.

"ಅಲ್ಲ ಸಾರ್. ಈ ಕೊನೇ ಸಾಲು... ಸಾವಿನ ಮನೆಗೆ ಬರೆಯೋ ಕಾಗದದಲ್ಲಿ..."

"ಹೂಂ, ನೀವು ಬಿಟ್ಟಿದ್ರಿ. ನಾನ್ ಹಾಕ್ದೆ."

"ಬೇಕಂತಲೇ ಬಿಟ್ಟಿದ್ದೆ."

ಹಯಾಸೆ ತಲೆಯೆತ್ತಿ, ಚಡ್ಡಿ ಹಾಕದೆ ಶಾಲೆಗೆ ಬಂದ ಹುಡುಗನನ್ನು ನೋಡುವ ಹಾಗೆ ನೋಡಿದ. "ಕೊನೇ ಸಾಲಿಲ್ದೆ ಕಾಗದ ಮುಗಿಸೋದು ಅಂದ್ರೆ ತಲೆ ಬಗ್ಗಿಸ್ದೆ ಅವರ ಮನೆಯಿಂದ ಎದ್ದು ಬಂದಂಗೆ ಕಣ್ರೀ. ಇಷ್ಟು ವರ್ಷ ಇಲ್ಲಿದೀರಿ, ಅಷ್ಟೂ ಗೊತ್ತಾಗಲ್ವಾ? ನಾನೇನು ಹೊಸದು ಬರ್ದಿದೀನಾ? ನೀವೇ ಹೋದ ವಾರ ಆಸ್ಟ್ರೇಲಿಯಾಕ್ಕೆ ಬರ್ದಿದ್ದು, ಅದರಿಂದಾನೇ ಎತ್ತಿದೀನಿ. ತಪ್ಪಿದ್ಯಾ ಹೇಳಿ. ವ್ಯಾಕರಣ ತಪ್ಪಿದ್ಯಾ?"

"ವ್ಯಾಕರಣ ಸರಿ ಇದೆ."

"ಮತ್ತೆ?"

ಮತ್ತೆ ಏನು? ಯಾನೊನ ಕಣ್ಣು ಆ ಕೆಂಪು ಸಾಲಿನ ಮೇಲೇ ಇತ್ತು. ನಿಮ್ಮಿಂದ ಒಳ್ಳೆಯ ಸುದ್ದಿಯನ್ನು ಕೇಳಲು ಸಂತೋಷದಿಂದ ಎದುರುನೋಡುತ್ತಿದ್ದೇವೆ. ಕೇಳಲು ಎಂಬುದಕ್ಕೆ ಬಾಲವಿತ್ತು, ಎಲ್ಲ ಸರಿಯಾಗಿತ್ತು. ಗಂಡನನ್ನು ಮಣ್ಣಿಗಿಟ್ಟು ಬಂದ ಹೆಂಗಸು ಇದನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟುಕೊಂಡು ಓದುತ್ತಾಳೆ. ಏನು ಒಳ್ಳೆಯ ಸುದ್ದಿ ಕಳಿಸುತ್ತಾಳೆ ಅವಳು? ಇನ್ನೊಂದು ಮದುವೆಯದೆ? ಈ ಮಾತನ್ನು ಹೀಗೆಯೇ ಬಿಚ್ಚಿ ಹೇಳಿದ್ದರೆ ಹಯಾಸೆಗೂ ಅರ್ಥವಾಗುತ್ತಿತ್ತು. ಅವನು ದಡ್ಡನಲ್ಲ, ಅವಸರದವನು ಅಷ್ಟೆ. ಆದರೆ ಮೇಲಿನವರೆದುರು ಯಾನೊನ ಬಾಯಿಂದ ಬರುವುದು ಯಾವಾಗಲೂ ಒಂದೇ: "ಆಗಲಿ ಸಾರ್." ಅದೇ ಬಂತು. ಕಾಗದದ ಜೊತೆ ಮೇಜಿಂದ ಮೇಜಿಗೆ ಸುತ್ತುವ ಒಪ್ಪಿಗೆ ಚೀಟಿಯ ಚೌಕದಲ್ಲಿ ತನ್ನ ಮೊಹರು ಒತ್ತಿದ. ಹಯಾಸೆ ತಲೆ ಓರೆ ಮಾಡಿ ಅದನ್ನು ಪರೀಕ್ಷಿಸಿ, "ನಿಮ್ಮ ಮೊಹರು ನೆಟ್ಟಗೆ ನಿಂತಿದೆಯಲ್ರೀ," ಎಂದ. ಮೇಲಿನವರ ಮೊಹರಿನ ಕಡೆಗೆ ಕೆಳಗಿನವರ ಮೊಹರು ಸ್ವಲ್ಪ ಬಾಗಿರಬೇಕು, ಹಾಗೆ ಒತ್ತುವುದು ಈ ಆಫೀಸಿನ ಮರ್ಯಾದೆ. ಯಾನೊ ಕ್ಷಮೆ ಕೇಳಿದ. ಅವನಿಗೆ ಗೊತ್ತಿಲ್ಲದೆ ಕೈ ಮಾಡಿದ ಪ್ರತಿಭಟನೆ ಅದೊಂದೇ, ಅದಕ್ಕೂ ಕ್ಷಮೆ ಕೇಳಿಬಿಟ್ಟನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಕಾಗದವನ್ನು ತಿಳಿಮಸಿಯಲ್ಲಿ ಮುದ್ರಿಸಬೇಕಿತ್ತು. ಸಂತಾಪದ ಬರಹ ಕಪ್ಪಗಿರಬಾರದು. ಕಣ್ಣೀರು ಬಿದ್ದು ಮಸಿ ತೆಳುವಾಯಿತು ಎನ್ನುವ ಹಾಗೆ ಬೂದು ಬಣ್ಣದಲ್ಲಿರಬೇಕು. ಕುಂಚದಲ್ಲಾದರೆ ಅದು ಸುಲಭ. ಯಾನೊ ಪ್ರಿಂಟರಿನ ಮುಂದೆ ಬಗ್ಗಿ ಕಪ್ಪನ್ನು ಇಳಿಸುತ್ತ ಇಳಿಸುತ್ತ ಹೋದ. ಒಮ್ಮೆ ಇನ್ನೂ ಕಪ್ಪು, ಒಮ್ಮೆ ಏನೂ ಕಾಣದು. ಡೆನ್ಮಾರ್ಕಿನಲ್ಲಿ ಇದನ್ನು ಬಿಚ್ಚಿದವರು ಪಾಪ, ಇವರ ಮಷೀನಿನಲ್ಲಿ ಮಸಿ ಮುಗಿದಿದೆ ಅಂದುಕೊಳ್ಳುತ್ತಾರೆ. ಬ್ರೂನ್ ಬದುಕಿದ್ದರೆ ಹಾಗೆಯೇ ಬರೆಯುತ್ತಿದ್ದ: ಯಾನೊ, ನಿಮಗೆ ಮಸಿ ಕಳಿಸಲೇ? ಹಿಂದೊಮ್ಮೆ ಈ ಊರಿಗೆ ಬಂದಿದ್ದಾಗ, ಬಂದರಿನ ಹಿಂದಿನ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ, ಕಾದ ಕಬ್ಬಿಣದ ಹಲಗೆಯ ಮೇಲೆ ಕೋಳಿಯ ಚರ್ಮ ಚುರುಗುಡುತ್ತಿರುವಾಗ, ಬ್ರೂನ್ ತನ್ನ ದೊಡ್ಡ ಮೊಣಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪಕ್ಕಕ್ಕೆ ತಿರುಗಿ ಕೂತಿದ್ದ. ಬಿಯರಿನ ನೊರೆ ಮೂಗಿಗಂಟಿತ್ತು. "ನೀನು ಪ್ರತಿ ಕಾಗದದಲ್ಲೂ ಸಂತೋಷದಿಂದ ಎದುರುನೋಡ್ತೀನಿ ಅಂತ ಬರೀತೀಯಲ್ಲ ಯಾನೊ, ನಿನ್ನ ಮುಖ ನೋಡಿದ್ರೆ ನಾಳೆ ಬೆಳಗಾಗೋದನ್ನೂ ಎದುರುನೋಡೋ ಥರ ಇಲ್ವಲ್ಲ ಮಾರಾಯ! ನಿಜ ಹೇಳು, ಏನನ್ನ ಎದುರುನೋಡ್ತಿದೀಯ?" ಯಾನೊ ನಕ್ಕು, ಗ್ಲಾಸು ತುಂಬಿಸಿ, ಮನೆಗೆ ಹೋಗಿ ನಿದ್ದೆಗೆಟ್ಟಿದ್ದ. ಅವಮಾನವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಉತ್ತರ ಹೊಳೆದಿರಲಿಲ್ಲ. ಮುಂದಿನ ಮೇಲ್‌ನಲ್ಲಿ, ಟವೆಲ್ಲಿನ ತೂಕ, ಅಂಚಿನ ಬಣ್ಣ, ಹಡಗಿನ ಹೆಸರು ಎಲ್ಲ ಬರೆದಾದ ಮೇಲೆ, ಎಂದಿನ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದ: ಈ ವಾರ ದ್ವೀಪದಿಂದ ಹೊಸ ಕಿತ್ತಳೆ ಬರುತ್ತದೆ, ಅದನ್ನು ಎದುರುನೋಡುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಉತ್ತರ ಬಂತು, ಒಂದೇ ಬೆರಳಿನಲ್ಲಿ ಕುಟ್ಟಿದ್ದು, ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ, ಅರ್ಧ ಡೆನ್ಮಾರ್ಕಿನ ಭಾಷೆ: ಒಳ್ಳೇದು. ನಾನು ಎದುರುನೋಡುತ್ತಿರುವುದು ನನ್ನ ಅತ್ತೆ ಅವರ ಮನೆಗೆ ವಾಪಸ್ ಹೋಗುವುದನ್ನು. ಅದರಲ್ಲಿ ಬಾಲವಿರಲಿಲ್ಲ.

ಅಲ್ಲಿಂದ ಅದು ನಡೆದುಬಂದಿತ್ತು. ಎಲ್ಲ ಮೇಲ್‌ಗಳ ಪ್ರತಿ ಹಯಾಸೆಗೂ ಹೋಗುತ್ತಿತ್ತು; ಇಂಗ್ಲಿಷ್ ಕಾಗದದಲ್ಲಿ ಎಂದಿನ ಸಾಲು ಕಂಡ ಮೇಲೆ ಅದರ ಕೆಳಗೆ ಓದುವ ಅಭ್ಯಾಸ ಆಫೀಸಿನಲ್ಲಿ ಯಾರಿಗೂ ಇಲ್ಲದ್ದರಿಂದ, ಕೊನೆಯ ಸಾಲಿನಲ್ಲಿ ಏನು ಬರೆದರೂ ಅದು ಬೀಗ ಹಾಕಿದಷ್ಟೇ ಭದ್ರ. ಹಲ್ಲು ಕೀಳಿಸುವುದು, ಹೆಂಡತಿಯ ತಂಗಿಯ ವಿಚ್ಛೇದನ, ಪಕ್ಕದ ಮನೆಯ ನಾಯಿ ಸಾಯುವುದು. ಬ್ರೂನ್ ಕೆಟ್ಟದ್ದನ್ನೆಲ್ಲ ಧಾರಾಳವಾಗಿ ಎದುರುನೋಡುತ್ತಿದ್ದ. ಎದುರುನೋಡಲು ಏನೂ ಇಲ್ಲದ ವಾರಗಳಲ್ಲಿ ಯಾನೊ ಏನಾದರೂ ಹುಟ್ಟಿಸಿಕೊಳ್ಳಬೇಕಾಗುತ್ತಿತ್ತು. ಸೋಮವಾರಕ್ಕೆ ಬರೆಯಲು ಬೇಕೆಂದೇ ಅವನು ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ದೋಣಿಯಲ್ಲಿ ಹೋಗಿದ್ದ, ಅವಳು ವಾಂತಿ ಮಾಡಿಕೊಂಡಿದ್ದಳು. ಇಷ್ಟೆಲ್ಲ ಇದ್ದೂ, ಬ್ರೂನ್‌ನ ಮಗ ಅಪ್ಪ ತೀರಿಕೊಂಡರೆಂದು ಬರೆದ ಮೇಲ್ ತೆರೆದಾಗ ಯಾನೊನ ಕಣ್ಣಿಗೆ ಮೊದಲು ಬಿದ್ದದ್ದು, ಅಪ್ಪ ಎಂಬ ಪದದಲ್ಲೇ ಒಂದಕ್ಷರ ಬಿಟ್ಟುಹೋಗಿದ್ದು. ಅಪ್ಪನ ಮಗನೇ ಸರಿ ಎಂದು ಮುಗುಳ್ನಕ್ಕ. ನಗು ಮುಖದ ಮೇಲಿರುವಾಗಲೇ ಮುಂದಿನ ಪದಗಳನ್ನು ಓದಿದ. ಆ ನಗುವನ್ನು ಎಲ್ಲಿ ಇಳಿಸಬೇಕೆಂದು ಗೊತ್ತಾಗದೆ ಒಂದು ಕ್ಷಣ ಹಾಗೇ ಕೂತಿದ್ದ. ಆಮೇಲೆ, ಛೆ, ಚಳಿಗಾಲದ ಆರ್ಡರು ಇನ್ನೂ ಖಾತ್ರಿಯಾಗಿರಲಿಲ್ಲವಲ್ಲ ಎಂದು ಹೊಳೆಯಿತು. ದುಃಖ ಮೂರನೆಯದಾಗಿಯೂ ಬರಲಿಲ್ಲ. ಈವರೆಗೂ ಬಂದಿರಲಿಲ್ಲ. ಪ್ರಿಂಟರಿನ ಮುಂದೆ ಬಗ್ಗಿ ನಿಂತವನಿಗೆ, ಕಣ್ಣೀರಿನ ಬಣ್ಣವನ್ನು ಗುಂಡಿ ಒತ್ತಿ ಹೊಂದಿಸುತ್ತಿರುವ ತಾನು ಎಂಥ ಮನುಷ್ಯ ಎನ್ನಿಸಿ ಬೆವರಿತು.

ಬೂದು ಬಣ್ಣದ ಹಾಳೆಯನ್ನು ಹಿಡಿದುಕೊಂಡು ಓಚಿ-ಸಾನ್ ಹತ್ತಿರ ಹೋದ. ಕಾರ್ಖಾನೆಯ ಮದುವೆ, ಸಾವು, ಹೆರಿಗೆ, ಹಬ್ಬದ ಉಡುಗೊರೆ ಎಲ್ಲದರ ರೀತಿನೀತಿ ಆಕೆಯ ಕೈಯಲ್ಲಿತ್ತು. ಆಕೆ ಒಪ್ಪದೆ ಈ ಕಂಪನಿಯಲ್ಲಿ ಯಾರೂ ಸರಿಯಾಗಿ ಸತ್ತ ಹಾಗಲ್ಲ. ಓಚಿ-ಸಾನ್ ಕನ್ನಡಕ ಹಣೆಗೇರಿಸಿ, ತನಗೆ ಒಂದಕ್ಷರವೂ ಬಾರದ ಭಾಷೆಯ ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು ಶ್ರದ್ಧೆಯಿಂದ ನೋಡಿದಳು.

"ಒಂದೇ ಹಾಳೆ ತಾನೆ?"

"ಒಂದೇ."

"ಲಕೋಟೆ ಒಂಟಿ ಪದರದ್ದು? ಎರಡು ಪದರದ್ದು ಹಾಕಿದ್ರೆ ಇನ್ನೊಂದು ಸಾವು ಬರ್ಲಿ ಅಂದಂಗಾಗುತ್ತೆ."

"ಒಂಟಿ ಪದರದ್ದೇ."

"ಮತ್ತೆ ಅನ್ನೋ ಪದ ಇದ್ಯಾ? ಪುನಃ, ಮೇಲಿಂದ ಮೇಲೆ, ಮುಂದುವರಿದು, ಇಂಥವು? ಜೋಡಿ ಪದ ಯಾವ್ದೂ ಇರಬಾರ್ದು ನೋಡಿ."

"ನಾನು ಬರೆದಿದ್ರಲ್ಲಿ ಒಂದೂ ಇಲ್ಲ."

"ಈ ಕೊನೇದು? ಇದು ನಿನ್ನೆ ಇರ್ಲಿಲ್ಲ ಅಲ್ವಾ? ಇದ್ರಲ್ಲಿದ್ಯಾ ಮತ್ತೆ ಅನ್ನೋದು?"

ಇದೆ ಎಂದರೆ ಸಾಕು. ಇದೆ, ಒಂದಲ್ಲ ಎರಡು ಸಲ ಇದೆ ಎಂದರೆ, ಓಚಿ-ಸಾನ್ ಹಯಾಸೆಯ ಮೇಜಿನ ಹತ್ತಿರ ಹೋಗಿ ಅವನ ಕಿವಿ ಹಿಂಡಿ ಆ ಸಾಲನ್ನು ತೆಗೆಸುತ್ತಿದ್ದಳು. ಹಯಾಸೆ ಆಕೆಗೆ ಹೆದರುತ್ತಿದ್ದ, ಅವನ ಮದುವೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳಿದ್ದೇ ಆಕೆ. ಒಂದು ಸುಳ್ಳು, ಅದೂ ಸತ್ತ ಸ್ನೇಹಿತನಿಗೋಸ್ಕರ. ಬೇರೆ ವಿಷಯಗಳಲ್ಲಿ ಯಾನೊ ಸುಳ್ಳು ಹೇಳದವನೇನಲ್ಲ. ಹೆಂಡತಿಗೆ ದಿನಕ್ಕೊಂದಾದರೂ ಹೇಳುತ್ತಿದ್ದ. ಆದರೆ ಇಂಗ್ಲಿಷಿನ ವಿಷಯದಲ್ಲಿ, ಆ ವಾಕ್ಯದ ವಿಷಯದಲ್ಲಿ, ಅವನ ನಾಲಿಗೆ ಏಳಲಿಲ್ಲ.

"ಇಲ್ಲ," ಎಂದ.

"ಹಾಗಾದ್ರೆ ಸರಿ," ಎಂದು ಓಚಿ-ಸಾನ್ ಬಾಗಿದ ಮೊಹರನ್ನು ಒತ್ತಿದಳು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಕರಿದ ಮೀನಿನ ವಡೆ ಇತ್ತು. ಯಾನೊ ತಿಂದ. ಹಸಿವಾಗಿತ್ತು, ಅದೂ ಒಂದು ನಾಚಿಕೆ. ಪಕ್ಕದಲ್ಲಿ ಮಗ್ಗದವರು ಮೂರನೇ ಶೆಡ್ಡು ಮುಚ್ಚುತ್ತಾರಂತೆ, ಡೆನ್ಮಾರ್ಕಿನ ಮುದುಕ ಹೋದನಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಒಬ್ಬ ಯಾನೊನ ಕಡೆ ತಿರುಗಿ, "ಏನಣ್ಣಾ, ಅವನ ಮಗ ನಮ್ ಹತ್ರಾನೇ ಕೊಳ್ತಾನಾ, ಇಲ್ಲ ಚೀನಾದವರ ಹತ್ರ ಹೋಗ್ತಾನಾ? ಚೆನ್ನಾಗಿ ಬರೀಯಣ್ಣಾ, ನಿನ್ನ ಕೈಯಲ್ಲಿದೆ ನಮ್ಮ ಅನ್ನ," ಎಂದು ನಕ್ಕ. ಯಾನೊ ಉಳಿದ ವಡೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಸಂಡಾಸಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ. ಸಾಲಿಲ್ಲದ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಮುದ್ರಿಸಿ, ಟಪಾಲಿಗೆ ಹಾಕುವಾಗ ಬದಲಾಯಿಸಿಬಿಟ್ಟರೆ? ಯಾರು ನೋಡುತ್ತಾರೆ? ಯಾರೂ ನೋಡುವುದಿಲ್ಲ. ಇಷ್ಟು ವರ್ಷ ಯಾರೂ ನೋಡಿಲ್ಲ. ಆದರೆ ಮೊಹರು ಬಿದ್ದ ಚೀಟಿ ಒಂದು ಕಾಗದಕ್ಕೆ, ಹೋಗುವುದು ಇನ್ನೊಂದು ಕಾಗದ ಎಂದು ಯೋಚಿಸಿದ್ದೇ ಅವನು ಆ ಉಪಾಯವನ್ನು ಕೈಬಿಟ್ಟ. ಅಕ್ಷರ ಬದಲಾದರೆ ಚೀಟಿ ಹೊಸದಾಗಿ ಎಲ್ಲರ ಮೇಜನ್ನೂ ಸುತ್ತಬೇಕು, ಅದು ನಿಯಮ. ತಾನು ಹೇಡಿಯೋ ನಿಯಮಸ್ಥನೋ ಎಂಬುದು ಅಲ್ಲಿ ಕೂತು ತೀರ್ಮಾನವಾಗುವ ಹಾಗಿರಲಿಲ್ಲ. ಹೊರಗೆ ಯಾರೋ ಬಾಗಿಲು ಬಡಿದರು.

ಎಲ್ಲರೂ ಶಾಚೊ ಎಂದು ಕರೆಯುವ ಮಾಲೀಕ ತನ್ನ ಕೋಣೆಯಲ್ಲಿ ಪೇಪರು ಹಾಸಿಕೊಂಡು ಕಾಲುಗುರು ಕತ್ತರಿಸುತ್ತಿದ್ದ. ಹಯಾಸೆ ಮುಂದೆ, ಓಚಿ-ಸಾನ್ ಆಮೇಲೆ, ಕಾಗದ ಹಿಡಿದ ಯಾನೊ ಕೊನೆಗೆ ಒಳಗೆ ಹೋದರು. ಗೋಡೆಯುದ್ದಕ್ಕೂ ಕಪಾಟಿನಲ್ಲಿ ಟವೆಲ್ಲಿನ ಮಾದರಿಗಳು ಮಡಿಸಿ ಕೂತಿದ್ದವು. ಶಾಚೊ ಮೊಹರಿನ ಡಬ್ಬಿಗೆ ಕೈ ಚಾಚಿ, ಚೀಟಿ ನೋಡಿ, ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡ.

"ಓದು," ಎಂದ. "ಇಂಗ್ಲಿಷಲ್ಲಿ ಬೇಡ. ನಂಗೆ ತಿಳಿಯೋ ಹಂಗೆ ಹೇಳು. ಬ್ರೂನ್ ಜೊತೆ ನಾನೂ ಕುಡಿದಿದೀನಿ."

ಯಾನೊ ಓದಿದ. ನಿಮ್ಮ ಪತಿಯ ನಿಧನದ ವಾರ್ತೆ ಕೇಳಿ ನಮ್ಮ ಮಗ್ಗಗಳ ಸದ್ದೂ ಬೇಡವೆನಿಸಿತು. ಅವರು ಟವೆಲ್ಲನ್ನು ಕೈಯಿಂದಲ್ಲ, ಕೆನ್ನೆಯಿಂದ ಮುಟ್ಟಿ ನೋಡುತ್ತಿದ್ದರು; ಅಂಥವರನ್ನು ನಾವು ಕಂಡಿಲ್ಲ. ಓಚಿ-ಸಾನ್ ತಲೆದೂಗಿದಳು. ಶಾಚೊ ಉಗುರಿನ ಚೂರನ್ನು ಪೇಪರಿನಿಂದ ಆಯುತ್ತ ಕೇಳುತ್ತಿದ್ದ. ಯಾನೊ ಕೊನೆಯ ಸಾಲಿನ ಹತ್ತಿರ ಬಂದು ನಿಂತುಬಿಟ್ಟ.

"ಇನ್ನೊಂದು ಸಾಲಿದೆಯಲ್ಲ?"

"ಅದು ಎಂದಿನದು ಶಾಚೊ, ಮರ್ಯಾದೆಗೆ ಹಾಕೋದು," ಎಂದ ಹಯಾಸೆ.

"ಎಂದಿನದಾದ್ರೆ ಓದೋಕೇನು ಕಷ್ಟ?"

ಆಗಲಿ ಎಂಬ ಪದ ಯಾನೊನ ಬಾಯಿಗೆ ಬಂದಿತ್ತು. ಅದರ ಬದಲು ಅವನು ಓದಿದ, ಯಾವ ಗೌರವದ ಹೊದಿಕೆಯೂ ಇಲ್ಲದೆ, ಮಗ್ಗದವರು ಮಾತಾಡುವ ಹಾಗೆ. "ನಿಮ್ಮ ಮನೆಯಿಂದ ಒಳ್ಳೇ ಸುದ್ದಿ ಬರುತ್ತೆ ಅಂತ ಖುಷಿಯಾಗಿ ಕಾಯ್ತಾ ಕೂತಿದೀವಿ, ಅಂತ."

ಉಗುರು ಕತ್ತರಿ ನಿಂತಿತು. "ಯಾರ ಮನೆಯಿಂದ? ಗಂಡನ್ನ ಕಳ್ಕೊಂಡ ಆ ಹೆಣ್ಣುಮಗಳ ಮನೆಯಿಂದ?"

"ಹೌದು."

"ಏನಪ್ಪಾ ಒಳ್ಳೇ ಸುದ್ದಿ?"

"ಚಳಿಗಾಲದ ಆರ್ಡರು."

ಹಯಾಸೆಯ ಕಿವಿಗಳು ಕೆಂಪಾದವು. ಓಚಿ-ಸಾನ್, "ಅಯ್ಯಯ್ಯೋ," ಎಂದು ಬಾಯಿ ಮುಚ್ಚಿಕೊಂಡಳು. ಗೆದ್ದೆ ಎಂದು ಯಾನೊನಿಗೆ ಅನ್ನಿಸಿತು. ಇನ್ನೇನು ಶಾಚೊ ಗುಡುಗುತ್ತಾನೆ, ಸಾಲು ಹೋಗುತ್ತದೆ. ಶಾಚೊ ಗುಡುಗಲಿಲ್ಲ. ಕಾಲನ್ನು ಚಪ್ಪಲಿಯೊಳಗೆ ತೂರಿಸಿ, ಗಲ್ಲ ಕೆರೆದುಕೊಂಡ.

"ಹೌದಲ್ಲ," ಎಂದ. "ಅದನ್ನೇ ತಾನೇ ಕಾಯ್ತಿರೋದು? ಸುದ್ದಿ ಬಂದಾಗ ನಂಗೆ ಮೊದ್ಲು ಜ್ಞಾಪಕ ಆಗಿದ್ದು ಮೂರನೇ ಶೆಡ್ಡು. ಬ್ರೂನ್ ಮುಖ ಆಮೇಲೆ. ಇಡೀ ಕಾಗದದಲ್ಲಿ ಸುಳ್ಳಿಲ್ಲದ ಸಾಲು ಇದೊಂದೇ ಇದ್ದಂಗಿದೆ. ಮಗ್ಗದ ಸದ್ದು ಬೇಡ ಅನ್ನಿಸ್ತಂತೆ! ನಂಗೆ ಅದು ನಿಂತುಹೋಗುತ್ತೇನೋ ಅಂತ ನಿದ್ದೆ ಬರ್ತಿಲ್ಲ. ನಿಂಗೆ ಏನು ಮೊದ್ಲು ಜ್ಞಾಪಕ ಆಯ್ತು ಯಾನೊ?"

ಯಾನೊ ಕಾಗದ ನೋಡಿದ. ತಾನು ಎಷ್ಟೊಂದು ಚೆಂದದ ಸುಳ್ಳು ಬರೆದಿದ್ದೇನೆ, ಅದೂ ಒಂದು ಪದ ತಪ್ಪಿಲ್ಲದೆ. "ಕಾಗುಣಿತ," ಎಂದ.

"ಏನು?"

"ಮಗ ಬರೆದಿದ್ರಲ್ಲಿ ಅಪ್ಪ ಅನ್ನೋ ಪದದಲ್ಲಿ ಒಂದಕ್ಷರ ಇರ್ಲಿಲ್ಲ. ನಂಗೆ ನಗು ಬಂತು."

"ಆಮೇಲೆ?"

"ಆಮೇಲೆ ಆರ್ಡರು."

"ಆಮೇಲೆ?"

"ಆಮೇಲೆ ಏನೂ ಇಲ್ಲ ಶಾಚೊ. ಈ ಸಾಲನ್ನ ನಾನು ಸಾವಿರ ಸಲ ಬರ್ದಿದೀನಿ. ಒಂದು ಸಲಾನೂ ತಪ್ಪಿಲ್ಲ. ಈಗ ಅದು ನಿಜ. ನಾನು ನಿಜವಾಗ್ಲೂ ಕಾಯ್ತಿದೀನಿ. ಆರ್ಡರಿಗಲ್ಲ. ಬ್ರೂನ್-ಸಾನ್ ಉತ್ತರಕ್ಕೆ. ಸೋಮವಾರ ಬೆಳಿಗ್ಗೆ ಬರ್ತಿತ್ತು. ತಪ್ಪು ತಪ್ಪಾಗಿ..."

"ಜೋಡಿ ಪದ ಬೇಡ," ಎಂದು ಓಚಿ-ಸಾನ್ ಅಭ್ಯಾಸಬಲದಿಂದ ಪಿಸುಗುಟ್ಟಿದಳು.

ಯಾನೊನ ಮುಖದೊಳಗೆ ಏನೋ ಜಾರಿತು. ತಡೆಯೋಣವೆಂದು ತುಟಿ ಕಚ್ಚಿದ, ಅದು ಮೂಗಿನಿಂದ ಬಂತು. ಶಾಚೊನ ಕೋಣೆಯಲ್ಲಿ, ಕತ್ತರಿಸಿದ ಕಾಲುಗುರುಗಳ ಮುಂದೆ, ಐವತ್ತು ದಾಟಿದ ಗಂಡಸು ಮೂಗು ಸೋರಿಸುತ್ತ ನಿಂತ. ಹಯಾಸೆ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಶಾಚೊ ಕಿಟಕಿ ನೋಡಿದ. ಓಚಿ-ಸಾನ್ ಕಪಾಟಿನಿಂದ ಒಂದು ಬಿಳಿ ಟವೆಲ್ ಎಳೆದು ಅವನ ಕೈಗೆ ತುರುಕಿದಳು.

"ತಗೊಳ್ಳಿ. ಡೆನ್ಮಾರ್ಕಿಗೆ ಹೋಗೋ ಮಾದರಿ ಅದು, ಕಣ್ಣು ಮಾತ್ರ ಒರೆಸ್ಕೊಳ್ಳಿ."

ಅವನು ಅದರಲ್ಲಿ ಗಟ್ಟಿಯಾಗಿ ಮೂಗು ಸೀಟಿದ.

"ತೆಗೀರಪ್ಪಾ ಆ ಸಾಲನ್ನ," ಎಂದ ಶಾಚೊ, ಕಿಟಕಿಯ ಕಡೆಗೇ ಮುಖ ಮಾಡಿ. "ನಿಜವೇ ಆಗಿದ್ರೂ ತೆಗೀರಿ."

"ತೆಗೀಬಹುದು ಶಾಚೊ," ಎಂದ ಹಯಾಸೆ, ಕ್ಯಾಲೆಂಡರಿನಿಂದ ಸಂಕಟಪಡುತ್ತ ತಿರುಗಿ. "ಆದ್ರೆ ಅಕ್ಷರ ಬದಲಾದ್ರೆ ಚೀಟಿ ಇನ್ನೊಂದ್ಸಲ ಸುತ್ತಬೇಕು. ಎಲ್ಲರೂ ಮತ್ತೆ ಮೊಹರು ಹಾಕ್ಬೇಕು."

"ಸಾವಿನ ಕಾಗದಕ್ಕೆ ಮತ್ತೆ ಮೊಹರಾ?" ಓಚಿ-ಸಾನ್ ಬೆಚ್ಚಿಬಿದ್ದಳು. "ಖಂಡಿತಾ ಆಗಲ್ಲ. ಎರಡನೇ ಸಲ ಅನ್ನೋದೇ ಇರಬಾರ್ದು. ನಾನು ಹಾಕಲ್ಲ."

ಮೂವರೂ ಶಾಚೊನನ್ನು ನೋಡಿದರು. ಶಾಚೊ ಓಚಿ-ಸಾನಳನ್ನು ನೋಡಿದ. ಆ ಕೋಣೆಯಲ್ಲಿ ಎಲ್ಲರಿಗೂ ಒಪ್ಪಿಗೆಯಿದ್ದದ್ದು ಒಂದೇ, ಅದೊಂದನ್ನು ಮಾತ್ರ ಮಾಡುವ ದಾರಿಯಿರಲಿಲ್ಲ. ಹೊರಗೆ ಟಪಾಲಿನ ವ್ಯಾನು ಬಂದ ಸದ್ದಾಯಿತು. ಓಚಿ-ಸಾನ್ ಕನ್ನಡಕವನ್ನು ಹಣೆಯಿಂದ ಇಳಿಸಿ ಮೂಗಿನ ಮೇಲಿಟ್ಟು, ಕಪಾಟಿನ ಮೇಲಿದ್ದ ಬಟ್ಟೆಯ ದೊಡ್ಡ ಕತ್ತರಿಯನ್ನು ಎತ್ತಿಕೊಂಡಳು.

"ಯಾನೊ-ಸಾನ್, ಎಲ್ಲಿಂದ ಶುರು ಆ ಸಾಲು?"

ಯಾನೊ ಬೆರಳಿಟ್ಟು ತೋರಿಸಿದ.

"ಏನ್ ಮಾಡ್ತಿದೀರಾ ಓಚಿ-ಸಾನ್!" ಎಂದು ಹಯಾಸೆ ಕೂಗಿದ. "ಕತ್ತರಿಸೋದಾ? ಅಶುಭ!"

"ಕತ್ತರಿಸೋದು ಅಶುಭ ಮದುವೆ ಕಾಗದದಲ್ಲಿ ಕಣಪ್ಪಾ. ಸಾವಿನ ಕಾಗದದಲ್ಲಿ ಏನೂ ಅಡ್ಡಿಯಿಲ್ಲ. ಇದು ತಿದ್ದುಪಡಿನೂ ಅಲ್ಲ. ಒಂದಕ್ಷರ ಬದಲಾಗಿಲ್ಲ, ನೋಡ್ಕೋ." ಟವೆಲ್ಲಿನ ಅಂಚು ಕತ್ತರಿಸುವ ಕೈ, ಒಂದೇ ಎಳೆತಕ್ಕೆ ಕೊನೆಯ ಸಾಲೂ ಅದರ ಕೆಳಗೆ ಮುದ್ರಿಸಿದ್ದ ಶಾಚೊನ ಹೆಸರೂ ಬೇರೆಯಾಗಿ ಮೇಜಿನ ಮೇಲೆ ಬಿದ್ದವು.

"ನನ್ನ ಹೆಸರೂ ಹೋಯ್ತಲ್ಲೇ," ಎಂದ ಶಾಚೊ.

"ಹೋಗ್ಲಿ ಬಿಡಿ. ಸುಳ್ಳು ಬರೆದವರು ಸಹಿ ಹಾಕ್ಲಿ."

ಯಾನೊ ಮೇಜಿನ ಮೇಲೆ ಬಗ್ಗಿ, ಸಿಕ್ಕಿದ ಪೆನ್ನಿನಿಂದ, ಕತ್ತರಿಸಿದ ಅಂಚಿನ ಮೇಲಿನ ಚೂರು ಜಾಗದಲ್ಲಿ ತನ್ನ ಹೆಸರು ಬರೆದ. ಪೆನ್ನು ಕಪ್ಪು ಮಸಿಯದು. ಹಯಾಸೆ ಏನೋ ಹೇಳಲು ಬಾಯಿ ತೆರೆದು, ಓಚಿ-ಸಾನಳ ಕೈಯಲ್ಲಿ ಇನ್ನೂ ಇದ್ದ ಕತ್ತರಿಯನ್ನು ಕಂಡು ಮುಚ್ಚಿಕೊಂಡ. ಶಾಚೊ ಚೀಟಿಯ ಮೇಲೆ ಮೊಹರು ಒತ್ತಿ, ಮೇಜಿನ ಮೇಲಿದ್ದ ಬೂದು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿದ.

"ಇದನ್ನೇನು ಮಾಡೋದು?"

"ಇಟ್ಕೊಂಡಿರಿ," ಎಂದಳು ಓಚಿ-ಸಾನ್, ಲಕೋಟೆಗೆ ಅಂಟು ಹಚ್ಚುತ್ತ. "ನಾಳೆ ಮಗನಿಗೆ ಬರೆಯೋ ಕಾಗದಕ್ಕೆ ಅಂಟಿಸಿದ್ರಾಯ್ತು."

ಯಾನೊನಿಗೆ ನಗು ಬಂತು. ಅದು ಟವೆಲ್ಲಿನೊಳಗೆ ಅಡಗಲಿಲ್ಲ, ಹಯಾಸೆಗೂ ತಗುಲಿತು, ಶಾಚೊನ ಹೊಟ್ಟೆಯೂ ಕುಲುಕತೊಡ­ಗಿತು. ಸಾವಿನ ಕಾಗದವನ್ನು ಮುಂದಿಟ್ಟುಕೊಂಡು ಹೀಗೆ ನಗುವುದು ಯಾವ ದೇಶದಲ್ಲೂ ಸರಿಯಲ್ಲ ಎಂದು ಗೊತ್ತಿದ್ದೂ ಯಾನೊ ಗೋಡೆ ಹಿಡಿದುಕೊಂಡು ನಕ್ಕ, ನಗುತ್ತಲೇ ಇದನ್ನೆಲ್ಲ ಬ್ರೂನ್‌ಗೆ ಬರೆಯಬೇಕು, ಕತ್ತರಿಯ ವಿಷಯ ಮರೆಯದೆ ಬರೆಯಬೇಕು, ಸೋಮವಾರ ಓದಿ ಆ ಮುದುಕ ಏನೆನ್ನುತ್ತಾನೋ ಎಂದುಕೊಂಡ. ಬ್ರೂನ್ ಸತ್ತಿದ್ದಾನೆ ಎಂಬುದು ಅವನಿಗೆ ತಿಳಿದದ್ದು ಆಗ.